ಅಲ್ಕರಾಜ್ ಹಿಡಿಯುವ ರ‍್ಯಾಕೆಟ್ ನಮ್ಮ ಮಕ್ಕಳಿಗೆ ಬೇಕೆ? ಬಾಬೊಲಾಟ್ ಪ್ಯೂರ್ ಏರೋ 98

ಕಾರ್ಲೊಸ್ ಅಲ್ಕರಾಜ್ 2022ರ ಸೆಪ್ಟೆಂಬರಿನಲ್ಲಿ ಅಮೆರಿಕ ಓಪನ್ ಗೆದ್ದು, ಹತ್ತೊಂಬತ್ತನೆಯ ವಯಸ್ಸಿನಲ್ಲಿಯೇ ವಿಶ್ವದ ಅಗ್ರ ರ‍್ಯಾಂಕಿಗೆ ಏರಿದ ಮೇಲೆ, ಟೆನಿಸ್ ಕಲಿಯುತ್ತಿರುವ ಮಕ್ಕಳ ತಂದೆತಾಯಂದಿರು ಅಂಗಡಿಯಲ್ಲಿ ಕೇಳುವ ಹೆಸರು ಬದಲಾಗಿದೆ. ಹಿಂದೆ ನಡಾಲ್ ಹಿಡಿಯುವ ರ‍್ಯಾಕೆಟ್ ಬೇಕೆನ್ನುತ್ತಿದ್ದವರು ಈಗ ಅಲ್ಕರಾಜ್ ಹಿಡಿಯುವುದು ಬೇಕೆನ್ನುತ್ತಾರೆ. ಅಂಗಡಿಯವರು ಗೋಡೆಯಿಂದ ಇಳಿಸಿ ಕೊಡುವುದು ಬಾಬೊಲಾಟ್ ಕಂಪನಿಯ ಪ್ಯೂರ್ ಏರೋ 98. ಈ ವಿಮರ್ಶೆ 2023ರಲ್ಲಿ ಬಂದ ಆವೃತ್ತಿಯ ಕುರಿತಾದದ್ದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಇದು ತನ್ನ ವರ್ಗದಲ್ಲಿ ಅತ್ಯುತ್ತಮವಾದ ರ‍್ಯಾಕೆಟ್, ಆದರೆ ಇದನ್ನು ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರಿಗೆ ಹೊಂದುವಂಥದ್ದಲ್ಲ. ಕಾರಣವನ್ನು ತಿಳಿಯಬೇಕಾದರೆ ರ‍್ಯಾಕೆಟ್ಟಿನ ಅಳತೆಗಳಷ್ಟನ್ನೇ ನೋಡಿದರೆ ಸಾಲದು. ಅದನ್ನು ಹಿಡಿದ ಹುಡುಗ ಎಲ್ಲಿ, ಯಾವ ಅಂಕಣದ ಮೇಲೆ, ಯಾರ ಕೈಕೆಳಗೆ ಬೆಳೆದರು ಎಂಬುದನ್ನೂ ನೋಡಬೇಕಾಗುತ್ತದೆ.

ಫ್ರಾನ್ಸಿನ ಲಿಯೋನ್ ನಗರದಲ್ಲಿ 1875ರಲ್ಲಿ ಆರಂಭವಾದ ಬಾಬೊಲಾಟ್, ಬಹುಕಾಲ ಪ್ರಾಣಿಗಳ ಕರುಳಿನಿಂದ ತಯಾರಾಗುವ ತಂತಿಗಳಿಗೆ, ಅಂದರೆ ಗಟ್‌ಗಳಿಗೆ ಹೆಸರಾದ ಸಂಸ್ಥೆ. ಅದು ರ‍್ಯಾಕೆಟ್ ತಯಾರಿಕೆಗೆ ಕೈಹಾಕಿದ್ದು 1994ರಲ್ಲಿ. ಚೆಂಡಿಗೆ ಮುಂದಕ್ಕೆ ಉರುಳುವ ತೀವ್ರವಾದ ತಿರುಗಣೆಯನ್ನು, ಅಂದರೆ ಟಾಪ್‌ಸ್ಪಿನ್ ಕೊಡುವ ಆಟಗಾರರನ್ನು ಗಮನದಲ್ಲಿಟ್ಟುಕೊಂಡು ಈ ಶತಮಾನದ ಮೊದಲ ದಶಕದಲ್ಲಿ ತಂದ ಏರೋ ಸರಣಿಯು ರಫೆಲ್ ನಡಾಲ್ ಅವರೊಂದಿಗೇ ಬೆಳೆಯಿತು. ಆ ಸರಣಿಯ ಸಾಮಾನ್ಯ ಪ್ಯೂರ್ ಏರೋದ ತಲೆಯ ವಿಸ್ತೀರ್ಣ 100 ಚದರ ಇಂಚು, ಗಟ್ ಕಟ್ಟದಿರುವಾಗಿನ ತೂಕ 300 ಗ್ರಾಂ, ಗಟ್‌ಗಳ ಹೆಣಿಗೆ ಉದ್ದಕ್ಕೆ 16, ಅಡ್ಡಕ್ಕೆ 19. ಪ್ಯೂರ್ ಏರೋ 98ರಲ್ಲಿ ತಲೆ 98 ಚದರ ಇಂಚಿಗೆ ಇಳಿಯುತ್ತದೆ, ತೂಕ 305 ಗ್ರಾಮಿಗೆ ಏರುತ್ತದೆ, ಅಡ್ಡಗಟ್‌ಗಳು 20 ಆಗುತ್ತವೆ. ಸಮತೋಲನದ ಬಿಂದು ಹಿಡಿಯ ಕಡೆಗೆ ಐದು ಮಿಲಿಮೀಟರ್ ಸರಿದು 315 ಮಿಲಿಮೀಟರಿನಲ್ಲಿ ನಿಲ್ಲುತ್ತದೆ. ಚೌಕಟ್ಟಿನ ದಪ್ಪ ಸಾಮಾನ್ಯ ಏರೋದಲ್ಲಿ ನಡುವೆ 26 ಮಿಲಿಮೀಟರ್ ಇದ್ದರೆ ಇದರಲ್ಲಿ 23 ಮಾತ್ರ. ಕಾಗದದ ಮೇಲೆ ಇವು ಸಣ್ಣ ವ್ಯತ್ಯಾಸಗಳಾಗಿ ಕಾಣುತ್ತವೆ. ಅಂಕಣದಲ್ಲಿ ಎರಡೂ ಬೇರೆ ಬೇರೆ ರ‍್ಯಾಕೆಟ್‌ಗಳೆಂದೇ ಅನ್ನಿಸುತ್ತದೆ.

ಕಂಪನ ತಗ್ಗಿಸಲೆಂದು ಚೌಕಟ್ಟಿನೊಳಗೆ ಅಗಸೆಯ ನಾರನ್ನು ಸೇರಿಸಲಾಗಿದೆ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಚಟ್ನಿಪುಡಿಯಾಗಿ ತಿನ್ನುವ ಅದೇ ಅಗಸೆಯ ಗಿಡದಿಂದ ಈ ನಾರು ಬರುತ್ತದೆ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ, ಆಟಕ್ಕೆ ಅದರಿಂದ ಎಷ್ಟು ಲಾಭವಿದೆಯೆಂಬುದು ಬೇರೆ ಮಾತು. ಚೌಕಟ್ಟು ಗಡಸಾಗಿಯೇ ಇದೆ. ಮೃದುವಾದ, ಬಾಗುವ ರ‍್ಯಾಕೆಟ್‌ಗಳನ್ನು ಬಳಸಿ ಅಭ್ಯಾಸವಾದ ಕೈಗೆ ಮೊದಲ ದಿನವೇ ಆ ಗಡಸುತನ ತಿಳಿದುಬಿಡುತ್ತದೆ.

ಇದರ ನಿಜವಾದ ಗುಣ ಗೊತ್ತಾಗುವುದು ತೋಳನ್ನು ಪೂರ್ತಿ ವೇಗದಲ್ಲಿ ಬೀಸಿದಾಗ ಮಾತ್ರ. ಕೆಳಗಿನಿಂದ ಮೇಲಕ್ಕೆ ಜೋರಾಗಿ ಉಜ್ಜಿ ಹೊಡೆದರೆ ಚೆಂಡು ನೆಟ್ಟಿನ ಮೇಲೆ ಧಾರಾಳವಾದ ಎತ್ತರದಲ್ಲಿ ಸಾಗಿ, ಬೇಸ್‌ಲೈನಿನ ಒಳಗೇ ಥಟ್ಟನೆ ಇಳಿದು, ಎದುರಾಳಿಯ ಭುಜದವರೆಗೂ ಪುಟಿಯುತ್ತದೆ. 100ರ ಏರೋದಲ್ಲಿ ಇದೇ ಹೊಡೆತ ಒಮ್ಮೊಮ್ಮೆ ನಿರೀಕ್ಷೆಗಿಂತ ಹೆಚ್ಚು ಮೇಲೇಳುತ್ತದೆ. 98ರಲ್ಲಿ ಹೆಣಿಗೆ ಒತ್ತಾಗಿರುವುದರಿಂದ ಚೆಂಡು ಹೊರಡುವ ಕೋನ ತಗ್ಗಿನದಾಗಿರುತ್ತದೆ, ಗುರಿಯೂ ಹೆಚ್ಚು ನಂಬಿಕೆಗೆ ಅರ್ಹವಾಗಿರುತ್ತದೆ. ನೆಟ್ಟಿನ ಬಳಿ, ಚೆಂಡು ನೆಲಕ್ಕೆ ತಾಕುವ ಮೊದಲೇ ಹೊಡೆಯುವ ವಾಲಿ ಆಡುವಾಗ ಹಿಡಿಯ ಕಡೆಗೆ ಭಾರವಿರುವ ಕಾರಣ ರ‍್ಯಾಕೆಟ್ ಬೇಗ ತಿರುಗುತ್ತದೆ. ಡ್ರಾಪ್ ಶಾಟ್ ಹಾಕುವಾಗ ಚೆಂಡು ಗಟ್‌ಗಳ ಮೇಲೆ ಒಂದು ಕ್ಷಣ ತಂಗಿದಂತೆ ಅನ್ನಿಸುವ ಹಿತವೂ ಇದೆ. ಆದರೆ ಕಾಲು ಸಮಯಕ್ಕೆ ಸರಿಯಾಗಿ ತಲುಪದೆ ಕೈ ಮಾತ್ರ ಚಾಚಿ ಹೊಡೆದಾಗ, ಅಥವಾ ಚೆಂಡು ತಲೆಯ ಅಂಚಿನ ಕಡೆಗೆ ತಗುಲಿದಾಗ, 100ರ ಏರೋ ಮನ್ನಿಸುವ ತಪ್ಪನ್ನು ಇದು ಮನ್ನಿಸುವುದಿಲ್ಲ: ಚೆಂಡು ಅರ್ಧ ಅಂಕಣದಲ್ಲಿ ಬಿದ್ದು ಎದುರಾಳಿಗೆ ಸುಲಭದ ತುತ್ತಾಗುತ್ತದೆ. ಮೂರನೆಯ ಸೆಟ್ಟಿನಲ್ಲಿ ದಣಿವಾದ ಮೇಲೆ ಇಂಥ ಚೆಂಡುಗಳ ಸಂಖ್ಯೆ ಏರುತ್ತಲೇ ಹೋಗುತ್ತದೆ. ಒಟ್ಟಿನಲ್ಲಿ ಬಲವನ್ನು ಆಟಗಾರನೇ ತರಬೇಕು, ರ‍್ಯಾಕೆಟ್ ಅದಕ್ಕೆ ದಿಕ್ಕನ್ನೂ ತಿರುಗಣೆಯನ್ನೂ ಕೊಡುತ್ತದೆ.

ಇಂಥ ರ‍್ಯಾಕೆಟ್ ಅಲ್ಕರಾಜ್ ಅವರಿಗೆ ಹೊಂದಿದ್ದು ಆಕಸ್ಮಿಕವಲ್ಲ. ಅವರು ಹುಟ್ಟಿದ್ದು 2003ರ ಮೇ 5ರಂದು, ಸ್ಪೇನಿನ ಆಗ್ನೇಯ ಭಾಗದ ಮುರ್ಸಿಯಾಕ್ಕೆ ಸೇರಿದ ಎಲ್ ಪಾಲ್ಮಾರ್ ಎಂಬಲ್ಲಿ. ಬೇಟೆಗಾರರ ಕ್ಲಬ್ಬಾಗಿದ್ದ ಊರಿನ ಸಂಸ್ಥೆಯೊಂದರಲ್ಲಿ ಟೆನಿಸ್ ಅಂಕಣಗಳು ಬರುವಂತೆ ಮಾಡಿದವರಲ್ಲಿ ಅವರ ಅಜ್ಜ ಒಬ್ಬರು. ತಂದೆ ಸ್ವತಃ ಒಳ್ಳೆಯ ಆಟಗಾರರಾಗಿದ್ದರೂ ವೃತ್ತಿಪರ ಪಂದ್ಯಾವಳಿಗಳಿಗೆ ಅಲೆಯಲು ಬೇಕಾದ ಹಣದ ಅನುಕೂಲವಿಲ್ಲದೆ, ಅದೇ ಕ್ಲಬ್ಬಿನಲ್ಲಿ ತರಬೇತಿಯ ಹೊಣೆ ಹೊತ್ತು ನಿಂತರು. ಮಗನಿಗೆ ಹತ್ತು ವರ್ಷವಾಗಿದ್ದಾಗ ಕ್ರೊಯೇಷಿಯಾದಲ್ಲಿ ನಡೆಯುವ ಮಕ್ಕಳ ಪಂದ್ಯಾವಳಿಗೆ ಕಳುಹಿಸಲು ಮುರ್ಸಿಯಾ ಪ್ರಾಂತ್ಯದ ಸಿಹಿತಿನಿಸು ತಯಾರಿಕಾ ಕಂಪನಿಯ ಮಾಲೀಕರೊಬ್ಬರು ನೆರವು ನೀಡಬೇಕಾಯಿತು. ಮಗುವಿನ ಪ್ರತಿಭೆಯ ಸುದ್ದಿಗಿಂತ ಮೊದಲು ಪ್ರಯಾಣದ ಖರ್ಚಿನ ಲೆಕ್ಕ ಮನೆಗೆ ಬರುವುದು ಟೆನಿಸ್ಸಿನಲ್ಲಿ ಎಲ್ಲ ದೇಶಗಳಲ್ಲೂ ಒಂದೇ ರೀತಿ. ನಮ್ಮಲ್ಲಿ ರಾಜ್ಯಮಟ್ಟದ ಜೂನಿಯರ್ ಪಂದ್ಯಾವಳಿಗಳಿಗೆ ಮಕ್ಕಳನ್ನು ಕರೆದುಕೊಂಡು ಊರೂರು ಸುತ್ತುವವರಿಗೆ ಇದನ್ನು ವಿವರಿಸಬೇಕಿಲ್ಲ.

ಆ ಕ್ಲಬ್ಬಿನದು ಆವೆಮಣ್ಣಿನ ಅಂಕಣ. ಆವೆಮಣ್ಣಿನಲ್ಲಿ ಚೆಂಡಿನ ವೇಗ ತಗ್ಗುತ್ತದೆ, ಪುಟಿತ ಎತ್ತರವಾಗುತ್ತದೆ, ಒಂದೇ ಹೊಡೆತದಲ್ಲಿ ಅಂಕ ಗೆಲ್ಲುವುದು ಕಷ್ಟವಾಗುತ್ತದೆ. ಅಲ್ಲಿ ಬೆಳೆಯುವ ಮಗುವಿಗೆ ತೋಳನ್ನು ಪೂರ್ತಿ ಬೀಸಲು ಸಮಯ ಸಿಗುತ್ತದೆ, ಚೆಂಡಿಗೆ ತಿರುಗಣೆ ಕೊಡದೆ ಬೇರೆ ದಾರಿಯೂ ಇರುವುದಿಲ್ಲ. ಎದುರಾಳಿ ಬೇಸ್‌ಲೈನಿನಿಂದ ಬಹಳ ಹಿಂದೆ ನಿಂತು ಆಡುವುದರಿಂದ ನೆಟ್ಟಿನಾಚೆ ಮೆಲ್ಲಗೆ ಬೀಳಿಸುವ ಡ್ರಾಪ್ ಶಾಟ್ ಕೂಡ ಚಿಕ್ಕಂದಿನಲ್ಲೇ ಕೈಗೆ ಹತ್ತುತ್ತದೆ. ಇಂದು ಅಲ್ಕರಾಜ್ ಆಟದಲ್ಲಿ ಜನ ಬೆರಗಾಗಿ ನೋಡುವ ಎರಡು ಸಂಗತಿಗಳು, ಭಾರವಾದ ಫೋರ್‌ಹ್ಯಾಂಡ್ ಮತ್ತು ಅದೇ ಭಂಗಿಯಿಂದ ಹಠಾತ್ತನೆ ಬರುವ ಡ್ರಾಪ್ ಶಾಟ್, ಎರಡೂ ಆ ಮಣ್ಣಿನವೇ. ಮೊದಲನೆಯದಕ್ಕೆ ತಿರುಗಣೆ ಕೊಡುವ ಚೌಕಟ್ಟು ಬೇಕು, ಎರಡನೆಯದಕ್ಕೆ ಹಿಡಿತಕ್ಕೆ ಸಿಗುವ ಚಿಕ್ಕ ತಲೆ ಬೇಕು. 98ರ ಏರೋ ಇವೆರಡನ್ನೂ ಒಂದೆಡೆ ತಂದ ರ‍್ಯಾಕೆಟ್.

2018ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವರು ವಿಯೆನಾ ಪಟ್ಟಣದ ಅಕಾಡೆಮಿಯಲ್ಲಿ ಹ್ವಾನ್ ಕಾರ್ಲೊಸ್ ಫೆರೆರೊ ಅವರ ಶಿಷ್ಯರಾದರು. ಈ ವಿಯೆನಾ ಆಸ್ಟ್ರಿಯಾದ ರಾಜಧಾನಿಯಲ್ಲ, ಸ್ಪೇನಿನ ಅಲಿಕಾಂಟೆ ಪ್ರಾಂತ್ಯದ ಸಣ್ಣ ಊರು. ಫೆರೆರೊ 2003ರಲ್ಲಿ ಫ್ರೆಂಚ್ ಓಪನ್ ಗೆದ್ದು ಅದೇ ವರ್ಷ ಅಗ್ರ ರ‍್ಯಾಂಕಿಗೂ ಏರಿದವರು. ಅವರ ಅಕಾಡೆಮಿಯಲ್ಲಿಯೇ 2019ರ ಏಪ್ರಿಲಿನಲ್ಲಿ ನಡೆದ ಚಾಲೆಂಜರ್ (ವೃತ್ತಿಪರ ಟೆನಿಸ್ಸಿನ ಎರಡನೆಯ ಹಂತದ) ಪಂದ್ಯಾವಳಿಯಲ್ಲಿ ಹದಿನೈದರ ಅಲ್ಕರಾಜ್ ತಮ್ಮ ಮೊದಲ ಚಾಲೆಂಜರ್ ಪಂದ್ಯವನ್ನು ಗೆದ್ದರು. ಎದುರಿದ್ದದ್ದು ಹದಿನೇಳರ ಯಾನಿಕ್ ಸಿನ್ನರ್. ಫಲಿತಾಂಶ 6-2, 3-6, 6-3. ಮುಂದೆ ಇಬ್ಬರೂ ವಿಶ್ವದ ಅಗ್ರ ರ‍್ಯಾಂಕಿನ ಆಟಗಾರರಾದರು.

ಅವರ ವೃತ್ತಿಜೀವನದ ಆರಂಭವನ್ನು ಒಂದೇ ಪಂದ್ಯದಿಂದ ಅಳೆಯಬೇಕಾದರೆ ನಾನು ಆರಿಸುವುದು 2020ರ ಫೆಬ್ರುವರಿಯ ರಿಯೊ ಓಪನ್ ಪಂದ್ಯವನ್ನು. ವಿಶ್ವದಲ್ಲಿ 406ನೆಯ ರ‍್ಯಾಂಕಿನ, ಹದಿನಾರು ವರ್ಷದ ಹುಡುಗನಿಗೆ ವೈಲ್ಡ್ ಕಾರ್ಡ್, ಅಂದರೆ ಸಂಘಟಕರು ಕೊಡುವ ನೇರ ಪ್ರವೇಶ, ಸಿಕ್ಕಿತ್ತು. ಪುರುಷರ ವೃತ್ತಿಪರ ಟೆನಿಸ್ಸಿನ ಅಗ್ರ ಹಂತವಾದ ಎಟಿಪಿ ಟೂರಿನ ಮುಖ್ಯ ಸುತ್ತಿನಲ್ಲಿ ಅದೇ ಮೊದಲ ಪಂದ್ಯ. ಎದುರಾಳಿ ಆವೆಮಣ್ಣಿನಲ್ಲಿ ಪಳಗಿದ, ಎಡಗೈಯಾಟದ, ಸ್ಪೇನಿನವರೇ ಆದ ಆಲ್ಬರ್ಟ್ ರಾಮೋಸ್ ವಿನೊಲಾಸ್. ಮೂರೂವರೆ ಗಂಟೆಗಿಂತ ಹೆಚ್ಚು ಹೊತ್ತು ನಡೆದ ಆಟ 7-6, 4-6, 7-6ರಲ್ಲಿ ಮುಗಿದಾಗ ರಿಯೊದಲ್ಲಿ ಬೆಳಗಿನ ಜಾವದ ಮೂರು ಗಂಟೆಯ ಆಸುಪಾಸು. ಹದಿಹರೆಯದ ಆಟಗಾರರು ಇಂಥ ಪಂದ್ಯಗಳಲ್ಲಿ ಸಾಮಾನ್ಯವಾಗಿ ಸೋಲುವುದು ಹೊಡೆತದ ಕೊರತೆಯಿಂದಲ್ಲ, ಮೂರನೆಯ ಸೆಟ್ಟಿಗೆ ಬರುವಷ್ಟರಲ್ಲಿ ಕಾಲು ಸೋತು ಚೆಂಡು ರ‍್ಯಾಕೆಟ್ಟಿನ ನಡುಭಾಗಕ್ಕೆ ತಗುಲುವುದು ನಿಂತುಹೋಗುವುದರಿಂದ. ಅಲ್ಕರಾಜ್ ಅವರ ಕಾಲು ಸೋಲಲಿಲ್ಲ. ಚಿಕ್ಕ ತಲೆಯ ರ‍್ಯಾಕೆಟ್ಟನ್ನು ನೆಚ್ಚಿಕೊಳ್ಳುವ ಅರ್ಹತೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಆ ರಾತ್ರಿಯ ಕೊನೆಯ ಟೈಬ್ರೇಕರ್ ಉತ್ತರ ಹೇಳುತ್ತದೆ. ಮುಂದಿನ ಸುತ್ತಿನಲ್ಲಿ ಅವರು ಅರ್ಜೆಂಟೀನಾದ ಫೆಡರಿಕೊ ಕೊರಿಯಾ ಅವರಿಗೆ ಸೋತರು. ಕೊರೊನಾದಿಂದ ಪಂದ್ಯಗಳು ನಿಂತು ಮತ್ತೆ ಶುರುವಾದ ಮೇಲೆ, ಅದೇ ವರ್ಷ ಟ್ರಿಯೆಸ್ಟೆ, ಬಾರ್ಸಿಲೋನಾ, ಅಲಿಕಾಂಟೆಗಳಲ್ಲಿ ಮೂರು ಚಾಲೆಂಜರ್ ಪ್ರಶಸ್ತಿಗಳನ್ನು ಗೆದ್ದರು.

2021 ಸೋಲು ಗೆಲುವುಗಳು ಬೆರೆತ ವರ್ಷ. ಆಸ್ಟ್ರೇಲಿಯನ್ ಓಪನ್ನಿಗೆ ಅರ್ಹತಾ ಸುತ್ತಿನ ಮೂಲಕ ಬಂದು ಒಂದು ಪಂದ್ಯ ಗೆದ್ದರು. ಮೇ 5ರಂದು, ಹದಿನೆಂಟು ತುಂಬಿದ ದಿನವೇ, ಮ್ಯಾಡ್ರಿಡ್‌ನಲ್ಲಿ ನಡಾಲ್ ಎದುರು 6-1, 6-2ರಿಂದ ಸೋತರು. ಜುಲೈಯಲ್ಲಿ ಕ್ರೊಯೇಷಿಯಾದ ಉಮಾಗ್‌ನಲ್ಲಿ ರಿಷಾರ್ ಗಾಸ್ಕೆ ಅವರನ್ನು ಸೋಲಿಸಿ ಮೊದಲ ಎಟಿಪಿ ಪ್ರಶಸ್ತಿ ಪಡೆದರು. ಅಮೆರಿಕ ಓಪನ್ನಿನ ಮೂರನೆಯ ಸುತ್ತಿನಲ್ಲಿ ಮೂರನೆಯ ಶ್ರೇಯಾಂಕದ ಸ್ಟೆಫಾನೊಸ್ ಸಿಟ್ಸಿಪಾಸ್ ಎದುರು ನಾಲ್ಕನೆಯ ಸೆಟ್ಟನ್ನು 0-6ರಿಂದ ಕಳೆದುಕೊಂಡೂ ಐದನೆಯದನ್ನು ಟೈಬ್ರೇಕರಿನಲ್ಲಿ ಗೆದ್ದಾಗ, ಆವೆಮಣ್ಣಿನ ಹುಡುಗನೆಂಬ ಹಣೆಪಟ್ಟಿ ಕಳಚಿಬಿತ್ತು. ಗಟ್ಟಿ ಅಂಕಣದಲ್ಲಿಯೂ ಆ ಫೋರ್‌ಹ್ಯಾಂಡ್ ಅಷ್ಟೇ ಭಾರವಾಗಿತ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಗಾಯದಿಂದ ಅರ್ಧದಲ್ಲೇ ಹಿಂದೆ ಸರಿಯಬೇಕಾಯಿತು. 2022ರಲ್ಲಿ ರಿಯೊ, ಮಯಾಮಿ, ಬಾರ್ಸಿಲೋನಾ, ಮ್ಯಾಡ್ರಿಡ್ ಗೆಲುವುಗಳ ನಂತರ ಅಮೆರಿಕ ಓಪನ್ ಬಂತು. ಮ್ಯಾಡ್ರಿಡ್‌ನಲ್ಲಿ ನಡಾಲ್ ಮತ್ತು ಜೊಕೊವಿಚ್ ಇಬ್ಬರನ್ನೂ ಬೆನ್ನುಬೆನ್ನಿಗೆ ಸೋಲಿಸಿದ್ದು ಆ ವರ್ಷದ ಅತ್ಯಂತ ದೊಡ್ಡ ಮಾತಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಆ ವರ್ಷದ ಗೆಲುವುಗಳೆಲ್ಲ ಬಂದದ್ದು 2023ರ ಈ 98ರಿಂದಲ್ಲ, ಅದರ ಹಿಂದಿನ ರೂಪವಾದ ಪ್ಯೂರ್ ಏರೋ ವಿಎಸ್‌ನಿಂದ. ತಲೆಯ ಅಳತೆ ಎರಡರಲ್ಲೂ ಒಂದೇ. 2023ರ ಫೆಬ್ರುವರಿಯಲ್ಲಿ, ಗಾಯದಿಂದ ಆಸ್ಟ್ರೇಲಿಯನ್ ಓಪನ್ ತಪ್ಪಿಸಿಕೊಂಡು ಮರಳಿದ ಅಲ್ಕರಾಜ್ ಬ್ಯೂನಸ್ ಐರಿಸ್‌ನಲ್ಲಿ ಪ್ರಶಸ್ತಿ ಗೆದ್ದಾಗ ಹೊಸ ಬಣ್ಣದ ಚೌಕಟ್ಟು ಜನರ ಕಣ್ಣಿಗೆ ಬಿತ್ತು. ವೃತ್ತಿಪರರ ರ‍್ಯಾಕೆಟ್‌ಗಳಿಗೆ ಸೀಸದ ಪಟ್ಟಿ ಅಂಟಿಸಿ, ಹಿಡಿಯೊಳಗೆ ಭಾರ ತುಂಬಿ, ಒಂದೊಂದನ್ನೂ ಒಂದೇ ತೂಕಕ್ಕೆ ಹೊಂದಿಸಿ ಕೊಡುವವರು ಬೇರೆಯೇ ಇರುತ್ತಾರೆ. ನಾವು ಕೊಳ್ಳುವುದು ಆ ವಂಶದ ಚೌಕಟ್ಟನ್ನು, ಆಟಗಾರನ ಕೈಯಲ್ಲಿರುವ ರ‍್ಯಾಕೆಟ್ಟನ್ನೇ ಅಲ್ಲ.

ಗಟ್ಟಿಂಗ್ ವಿಷಯ ಇನ್ನೂ ಮುಖ್ಯ. ಅಲ್ಕರಾಜ್ ಬಳಸುವ ಆರ್‌ಪಿಎಂ ಬ್ಲಾಸ್ಟ್ ಎಂಟು ಮೂಲೆಗಳಿರುವ ಕಪ್ಪು ಪಾಲಿಯೆಸ್ಟರ್ ಗಟ್. ಚೆಂಡು ತಗುಲಿದಾಗ ಪಾಲಿಯೆಸ್ಟರ್ ಗಟ್‌ಗಳು ಪಕ್ಕಕ್ಕೆ ಜಾರಿ ಥಟ್ಟನೆ ತಮ್ಮ ಜಾಗಕ್ಕೆ ಮರಳುತ್ತವೆ. ತಿರುಗಣೆಯ ಹೆಚ್ಚಿನ ಪಾಲು ಬರುವುದು ಅದರಿಂದ. ಆದರೆ ಗಡಸು ಚೌಕಟ್ಟಿಗೆ ಗಡಸು ಗಟ್ ಸೇರಿದರೆ ಪ್ರತಿ ಹೊಡೆತದ ಅದುರು ಮಣಿಕಟ್ಟಿಗೂ ಮೊಣಕೈಗೂ ಹೋಗುತ್ತದೆ. ಪಾಲಿಯೆಸ್ಟರ್ ಬಹುಬೇಗ ಬಿಗಿ ಕಳೆದುಕೊಳ್ಳುತ್ತದೆ, ತುಂಡಾಗುವುದು ಮಾತ್ರ ನಿಧಾನ. ವೃತ್ತಿಪರರು ಪ್ರತಿ ಪಂದ್ಯಕ್ಕೂ ಹೊಸ ಗಟ್ ಕಟ್ಟಿಸುತ್ತಾರೆ. ನಮ್ಮ ಕ್ಲಬ್ಬುಗಳಲ್ಲಿ ತುಂಡಾಗುವವರೆಗೂ, ತಿಂಗಳುಗಟ್ಟಲೆ, ಸತ್ತ ಗಟ್‌ನಲ್ಲೇ ಆಡುತ್ತೇವೆ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳ ಮೊಣಕೈಗೆ ಪಟ್ಟಿ ಸುತ್ತಿರುವುದನ್ನು ಅಭ್ಯಾಸದ ಅಂಕಣಗಳಲ್ಲಿ ಕಾಣುವಾಗ ನನಗೆ ಮೊದಲು ಅನುಮಾನ ಬರುವುದು ರ‍್ಯಾಕೆಟ್ಟಿನ ಮೇಲಲ್ಲ, ಅದರ ಗಟ್‌ನ ಮೇಲೆ. ಈ ರ‍್ಯಾಕೆಟ್ಟನ್ನು ಕೊಂಡೇ ತೀರುವವರು ಕನಿಷ್ಠ ಅಡ್ಡಗಟ್‌ಗಳಿಗಾದರೂ ಹಲವು ಸಣ್ಣ ಎಳೆಗಳಿಂದ ಮಾಡಿದ ಮೃದುವಾದ ಮಲ್ಟಿಫಿಲಮೆಂಟ್ ಹಾಕಿಸಿ, ಐವತ್ತು ಪೌಂಡಿನ ಆಸುಪಾಸಿನಲ್ಲಿ ಕಟ್ಟಿಸುವುದು ಒಳ್ಳೆಯದು. ತಿರುಗಣೆ ಸ್ವಲ್ಪ ತಗ್ಗುತ್ತದೆ, ತೋಳು ಉಳಿಯುತ್ತದೆ.

ಹಾಗಾದರೆ ಮಕ್ಕಳಿಗೆ ಏನು ಕೊಡಿಸಬೇಕು? ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡನ್ನು ಬಳಸಬಾರದೆಂಬ ನಿಯಮ ತಂದಿದೆ. ಕೆಂಪು ಚೆಂಡು ಸಾಮಾನ್ಯ ಚೆಂಡಿಗಿಂತ ಸುಮಾರು 75 ಶೇಕಡ ನಿಧಾನ, ಕಿತ್ತಳೆ ಬಣ್ಣದ್ದು 50 ಶೇಕಡ, ಹಸಿರು ಚುಕ್ಕೆಯದು 25 ಶೇಕಡ. ಅಂಕಣವೂ ಮಗುವಿನ ಜೊತೆ ಬೆಳೆಯುತ್ತದೆ. ರ‍್ಯಾಕೆಟ್ಟಿನ ಉದ್ದವೂ 19 ಇಂಚಿನಿಂದ ಹಂತಹಂತವಾಗಿ 27ಕ್ಕೆ ಬರಬೇಕೆಂಬುದು ಇದೇ ತರ್ಕದ ಮುಂದುವರಿಕೆ. ಹನ್ನೊಂದು ವರ್ಷದ ಮಗುವಿನ ಕೈಗೆ 305 ಗ್ರಾಮಿನ, ಗಟ್ ಕಟ್ಟಿದ ಮೇಲೆ 320 ಗ್ರಾಂ ದಾಟುವ ರ‍್ಯಾಕೆಟ್ ಕೊಟ್ಟರೆ, ಮಗು ತೋಳನ್ನು ಬೀಸುವುದನ್ನು ಬಿಟ್ಟು ಚೆಂಡನ್ನು ತಳ್ಳಲು ಕಲಿಯುತ್ತದೆ. ಹಾಗೆ ಕೈಗೆ ಹತ್ತಿದ ಅಭ್ಯಾಸವನ್ನು ಬಿಡಿಸಲು ಕೋಚ್‌ಗಳಿಗೆ ವರ್ಷಗಳು ಬೇಕಾಗುತ್ತವೆ. ಮುರ್ಸಿಯಾದ ಹುಡುಗನಿಂದ ಕಲಿಯಬೇಕಾದದ್ದು ಬೀಸುವ ಧೈರ್ಯವನ್ನಾದರೆ, ಅದನ್ನು ಮೊದಲು ಕಸಿದುಕೊಳ್ಳುವುದೇ ಅವರ ರ‍್ಯಾಕೆಟ್ ಎಂಬುದು ವಿಚಿತ್ರ.

ಏರೋ ಸರಣಿಯಲ್ಲಿಯೇ ಇದಕ್ಕೆ ದಾರಿಯಿದೆ. ಹತ್ತರಿಂದ ಹನ್ನೆರಡರ ಮಕ್ಕಳಿಗೆ 26 ಇಂಚಿನ ಪ್ಯೂರ್ ಏರೋ ಜೂನಿಯರ್ ಇದೆ. ಬಣ್ಣ ದೊಡ್ಡವರ ರ‍್ಯಾಕೆಟ್ಟಿನದೇ ಆಗಿರುವುದರಿಂದ ಮಕ್ಕಳ ಹಟವೂ ತೀರುತ್ತದೆ. ಎತ್ತರ ಬೆಳೆದ ಮೇಲೆ 270 ಗ್ರಾಮಿನ ಲೈಟ್, ಅದಾದ ಮೇಲೆ 285 ಗ್ರಾಮಿನ ಟೀಮ್. ಹದಿನೈದು ದಾಟಿ, ವಾರದಲ್ಲಿ ಐದಾರು ದಿನ ಆಡುತ್ತ, ದೈಹಿಕ ತರಬೇತಿಯನ್ನೂ ನಿಯಮಿತವಾಗಿ ಮಾಡುವ ಹುಡುಗ ಹುಡುಗಿಯರು 300 ಗ್ರಾಮಿನ ಸಾಮಾನ್ಯ ಪ್ಯೂರ್ ಏರೋಗೆ ಬರಬಹುದು. ಅದರಲ್ಲಿ ಹೊಡೆದ ಚೆಂಡುಗಳು ಬೇಸ್‌ಲೈನ್ ದಾಟಿ ಹೋಗುತ್ತಿವೆ, ಬಲ ಹೆಚ್ಚಾಗಿ ಹಿಡಿತ ಸಾಲುತ್ತಿಲ್ಲ ಎಂದು ಕೋಚ್ ಹೇಳುವ ದಿನ 98ನ್ನು ಕೈಗೆತ್ತಿಕೊಂಡರೆ ಸರಿಯಾದ ಸಮಯಕ್ಕೆ ಬಂದಂತೆ. ವಾರಾಂತ್ಯದಲ್ಲಿ ಡಬಲ್ಸ್ ಆಡುವ ನನ್ನಂಥ ನಡುವಯಸ್ಸಿನವರಿಗೆ ಆ ದಿನ ಬರುವುದಿಲ್ಲ. ಆದರೂ ಆಡಲು ಇದು ಹಿತವಾದ ರ‍್ಯಾಕೆಟ್ಟೇ, ಮೊದಲ ಒಂದೂವರೆ ಸೆಟ್ಟಿನವರೆಗೆ.

ಕೊಳ್ಳುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಈ ದರ್ಜೆಯ ರ‍್ಯಾಕೆಟ್‌ಗಳು ಸಾಮಾನ್ಯವಾಗಿ ಗಟ್ ಇಲ್ಲದೆಯೇ ಬರುತ್ತವೆ, ಹಾಗಾಗಿ ಗಟ್‌ನ ಬೆಲೆಯನ್ನೂ ಕಟ್ಟುವ ಕೂಲಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಿಡಿಯ ಸುತ್ತಳತೆಯನ್ನು ಆರಿಸುವಾಗ, ರ‍್ಯಾಕೆಟ್ ಹಿಡಿದ ಕೈಯ ಉಂಗುರಬೆರಳಿನ ತುದಿಗೂ ಹೆಬ್ಬೆರಳಿನ ಬುಡದ ದಿಣ್ಣೆಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಸುವಷ್ಟು ಜಾಗವಿರಬೇಕು. ಸಂದೇಹವಿದ್ದರೆ ಚಿಕ್ಕದನ್ನೇ ತೆಗೆದುಕೊಂಡು ಮೇಲೊಂದು ಓವರ್‌ಗ್ರಿಪ್ ಸುತ್ತುವುದು ಮೇಲು. ಸಾಧ್ಯವಿದ್ದಲ್ಲಿ ಕೊಳ್ಳುವ ಮೊದಲು ಇದೇ ಮಾದರಿಯನ್ನು ಯಾರಿಂದಲಾದರೂ ಪಡೆದು ಆಡಿ ನೋಡಬೇಕು, ಅದೂ ಅಭ್ಯಾಸದ ಮೊದಲ ಅರ್ಧ ಗಂಟೆಯಲ್ಲಲ್ಲ, ದಣಿದ ಮೇಲೆ, ಅಂಕ ಎಣಿಸುವ ಪಂದ್ಯದಲ್ಲಿ. ಜೂನಿಯರ್ ಪಂದ್ಯಾವಳಿಗಳನ್ನು ಆಡುವ ಮಕ್ಕಳಿಗೆ ಒಂದೇ ಮಾದರಿಯ ಎರಡು ರ‍್ಯಾಕೆಟ್‌ಗಳು ಬೇಕಾಗುವುದರಿಂದ, ಒಂದು 98ರ ಹಣದಲ್ಲಿ ಹಿಂದಿನ ಆವೃತ್ತಿಯ ಎರಡು ಟೀಮ್ ರ‍್ಯಾಕೆಟ್‌ಗಳು ಎಲ್ಲಿಯಾದರೂ ರಿಯಾಯಿತಿಯಲ್ಲಿ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ ನೋಡಿ.